ಅಲ್ಯೂಮಿನಿಯಂ ಹಾಳೆಯೊಳಗೆ ಇಳಿಯುವ ಚಿತ್ರ

ಕರಾವಳಿ, ಮಲೆನಾಡಿನ ಹಳೆಯ ಮನೆಗಳಲ್ಲಿ ಗಾಜಿನ ಹಿಂದೆ ಕೂತ ರವಿವರ್ಮನ ಲಕ್ಷ್ಮಿ, ಸರಸ್ವತಿಯರ ಪಟಗಳ ಅಂಚನ್ನೊಮ್ಮೆ ನೋಡಿ. ಮಳೆಗಾಲದ ತೇವಕ್ಕೆ ಕಾಗದ ಉಬ್ಬಿ, ಅಲ್ಲಲ್ಲಿ ಕಂದು ಕಲೆ ಹತ್ತಿರುತ್ತದೆ. 1894ರಲ್ಲಿ ಮುಂಬೈಯಲ್ಲಿ ಶುರುವಾದ ರವಿವರ್ಮನ ಲಿಥೊ ಮುದ್ರಣಾಲಯ ಅರಮನೆಯ ಚಿತ್ರಕಲೆಯನ್ನು ಜನರ ದೇವರಕೋಣೆಗೆ ತಂದಿತು. ಕಾಗದದ ಶತ್ರುಗಳಾದ ತೇವ, ಬೂಷ್ಟು, ಹುಳುಗಳೂ ಅದರೊಂದಿಗೇ ಬಂದವು. ಶ್ರೇಷ್ಠ ಚಿತ್ರಗಳನ್ನು ಲೋಹದ ಹಾಳೆಯ ಮೇಲೆ ಮುದ್ರಿಸುವ ಈಚಿನ ಕಸುಬಿಗೆ ನಮ್ಮ ಹವೆಯಲ್ಲಿ ವಿಶೇಷ ಬೆಲೆಯಿರುವುದು ಇದಕ್ಕೇ.

ಇಲ್ಲಿ ಲೋಹದ ಮೇಲೆ ನೇರವಾಗಿ ಶಾಯಿ ಹಚ್ಚುವುದಿಲ್ಲ. ಮೊದಲು ವರ್ಗಾವಣೆ ಕಾಗದದ ಮೇಲೆ ಚಿತ್ರವನ್ನು ಎಡಬಲ ತಿರುಗಿಸಿ ಅಚ್ಚು ಹಾಕುತ್ತಾರೆ. ಪಾಲಿಮರ್ ಲೇಪಿಸಿದ ತೆಳು ಅಲ್ಯೂಮಿನಿಯಂ ಹಾಳೆಗೆ ಅದನ್ನು ಜೋಡಿಸಿ, ಹೀಟ್ ಪ್ರೆಸ್‌ನಲ್ಲಿ ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒತ್ತುತ್ತಾರೆ. ಬಿಸಿ ತಗುಲಿದ ಕರ್ಪೂರದಂತೆ ಬಣ್ಣ ದ್ರವವಾಗದೆ ಆವಿಯಾಗುತ್ತದೆ. ಶಾಖಕ್ಕೆ ಸಡಿಲಗೊಂಡ ಲೇಪದೊಳಗೆ ಇಳಿದು, ತಣಿದಾಗ ಅಲ್ಲೇ ನೆಲೆಯಾಗುತ್ತದೆ. ಚಿತ್ರಕ್ಕೆ ಗಾಜು ಬೇಡ, ದೂಳು ಕೂತರೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಬಿಸಿಲು ನೇರವಾಗಿ ಬೀಳುವ ಗೋಡೆಯನ್ನು ಮಾತ್ರ ತಪ್ಪಿಸಬೇಕು. ಈ ಬಗೆಯ ಬಣ್ಣ ಅದನ್ನು ಬಹುಕಾಲ ತಾಳದು.

ಹಾಳೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಲೇಪದಡಿ ಬಿಳಿ ತಳವಿರುತ್ತದೆ. ಇನ್ನೊಂದು ಪಾರದರ್ಶಕ. ಈ ಮುದ್ರಣದಲ್ಲಿ ಬಿಳಿ ಶಾಯಿಯೇ ಇಲ್ಲವಾದ್ದರಿಂದ, ಎರಡನೆಯ ಬಗೆಯಲ್ಲಿ ಚಿತ್ರದ ಬಿಳಿ ಜಾಗವೆಲ್ಲ ಬರಿಯ ಲೋಹವಾಗಿ ಹೊಳೆಯುತ್ತದೆ. ಆಯ್ಕೆ ಕೆಡುವುದು ಬಹುಮಟ್ಟಿಗೆ ಇಲ್ಲೇ.

ರೋಮಿನಲ್ಲಿ ನೆಲೆಸಿದ್ದ ಜರ್ಮನ್ ಕಲಾವಿದ ಆಡಂ ಎಲ್‌ಷೈಮರ್ 1609ರಲ್ಲಿ ಬರೆದ ‘ಈಜಿಪ್ಟಿಗೆ ಪಲಾಯನ’ ಈಗ ಮ್ಯೂನಿಕ್‌ನ ಆಲ್ಟೆ ಪಿನಾಕೊಥೆಕ್‌ನಲ್ಲಿದೆ. ಅದು ಹುಟ್ಟಿದ್ದೇ ತಾಮ್ರದ ತಗಡಿನ ಮೇಲೆ. ಕ್ಯಾನ್ವಾಸಿನ ನೇಯ್ಗೆ ಅಡ್ಡ ಬರದ ಆ ನುಣುಪಿನಿಂದಲೇ ಕತ್ತಲ ಆಕಾಶದಲ್ಲಿ ಕ್ಷೀರಪಥವನ್ನು ಚುಕ್ಕಿ ಚುಕ್ಕಿಯಾಗಿ ಇಡಲು ಅವನಿಗೆ ಸಾಧ್ಯವಾಯಿತು. ಜೋಸೆಫನ ಕೈಯ ಪಂಜು, ಕುರುಬರ ಬೆಂಕಿ, ನೀರಿನಲ್ಲಿ ಮತ್ತೆ ಮೂಡುವ ಚಂದ್ರ, ಇಷ್ಟೂ 31×41 ಸೆಂಟಿಮೀಟರ್ ಅಳತೆಯೊಳಗೆ! ಇಂಥದ್ದನ್ನು ಅಲ್ಯೂಮಿನಿಯಂಗೆ ಇಳಿಸುವುದು ನನಗೆ ತೀರ ಸಹಜವೆನಿಸುತ್ತದೆ. ಪಾರದರ್ಶಕ ಹಾಳೆಯಲ್ಲಿ ಚಂದ್ರ ಬೆಳ್ಳಿಯಂತೆ ಮಿನುಗಿ ಮನ ಸೆಳೆದಾನು, ಆದರೆ ಅದು ಎಲ್‌ಷೈಮರನ ಚಂದ್ರನಲ್ಲ. ಬಿಳಿ ತಳವನ್ನೇ ಆರಿಸಿ, ಮೂಲದ ಅಳತೆಯಲ್ಲೇ ಮುದ್ರಿಸಿಕೊಳ್ಳಿ. ಸೋಫಾದ ಮೇಲಿನ ಗೋಡೆ ತುಂಬುವಷ್ಟು ಹಿಗ್ಗಿಸಿದರೆ, ಮುಖವಿಟ್ಟು ನೋಡಬೇಕಾದ ಆ ಇರುಳು ಚೆದುರಿಹೋಗುತ್ತದೆ.

ಎಲ್ಲ ಚಿತ್ರಕ್ಕೂ ಲೋಹ ಒಗ್ಗದು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಜನ ಮುಗಿಬಿದ್ದು ನೋಡುವ, ಎಸ್.ಎಲ್. ಹಲ್ದಂಕರ್ ಅವರ ದೀಪ ಹಿಡಿದ ಹೆಣ್ಣಿನ ಚಿತ್ರ ಜಲವರ್ಣದ್ದು. ಬೆರಳ ಸಂದಿಯಿಂದ ಸೋರಿ ಮುಖಕ್ಕೆ ಏರುವ ಬೆಳಕು ಅಲ್ಲಿ ತೆಳುಬಣ್ಣದಡಿಯ ಕಾಗದದಿಂದಲೇ ಹುಟ್ಟುತ್ತದೆ. ಮಿರುಗುವ ಹಾಳೆಗೆ ಹಾಕಿದರೆ ಕೋಣೆಯ ಟ್ಯೂಬ್‌ಲೈಟು ಅದರಲ್ಲಿ ಬಿಂಬಿಸಿ, ಮೊದಲು ಆರುವುದು ಆ ದೀಪವೇ. ಅದಕ್ಕೆ ಒಳ್ಳೆಯ ಹತ್ತಿ ಕಾಗದವೇ ಸರಿ. ಮನೆಯಲ್ಲಿ ತೇವದ ಕಾಟ ವಿಪರೀತವಿದ್ದರೆ ಹೊಳಪಿಲ್ಲದ, ಬಿಳಿ ತಳದ ಮ್ಯಾಟ್ ಹಾಳೆಯನ್ನು ಕೇಳಿ, ಅಂಗೈಯಗಲದ ಮಾದರಿಯೊಂದನ್ನು ತರಿಸಿಕೊಂಡು, ಚಿತ್ರ ತೂಗಹಾಕುವ ಗೋಡೆಯ ಮೇಲೆಯೇ ಸಂಜೆ ಹೊತ್ತು ಹಿಡಿದು ನೋಡಿ.