ನಾಲ್ಕು ಬಿಟ್ ಕೂಡಿಸಲು ತಂತಿ ಎಷ್ಟು ಬೇಕು?

ಐದು ಐಸಿ, 55 ತಂತಿ, ಸುಮಾರು 33 ಡಾಲರ್. ನಾಲ್ಕು ಬಿಟ್‌ಗಳ ಎರಡು ಸಂಖ್ಯೆಗಳನ್ನು ಕೂಡಿಸುವ ಸರ್ಕ್ಯೂಟನ್ನು ಡಿಯರ್‌ಬಾರ್ನ್‌ನ ಮನೆಯೊಂದರಲ್ಲಿ ಬ್ರೆಡ್‌ಬೋರ್ಡ್ ಮೇಲೆ ಕಟ್ಟಲು ಹೊರಟರೆ ಬರುವ ಲೆಕ್ಕವಿದು. ಎಲ್ಲರ ಕಣ್ಣೂ ಮೊದಲು ಹೋಗುವುದು ಡಾಲರಿನ ಮೇಲೆ. ಕೆಲಸ ಕೆಡುವುದು ಮಾತ್ರ ತಂತಿಯಲ್ಲಿ.

ಇಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಡಿಯರ್‌ಬಾರ್ನ್ ಕ್ಯಾಂಪಸ್ಸೂ ಹೆನ್ರಿ ಫೋರ್ಡ್ ಕಾಲೇಜೂ ಅಕ್ಕಪಕ್ಕದಲ್ಲಿವೆ. ಸುತ್ತಲಿನ ಕಾರು ಕಂಪನಿಗಳಲ್ಲಿ ದುಡಿಯುವ ಕನ್ನಡಿಗ ಎಂಜಿನಿಯರುಗಳಲ್ಲಿ ಬಹಳ ಮಂದಿ ಊರಿನ ಲಾಜಿಕ್ ಲ್ಯಾಬ್‌ನಲ್ಲಿ ಟ್ರೈನರ್ ಕಿಟ್ಟಿಗೆ ಪ್ಯಾಚ್ ಕಾರ್ಡ್ ಚುಚ್ಚಿ 7400 ಸರಣಿಯ ಐಸಿ ಕಲಿತವರು. ಆಗ ಐಸಿ, ಕಿಟ್ಟು ಎಲ್ಲ ಕಾಲೇಜಿನದು. ಈಗ ಮಕ್ಕಳಿಗೆ ಕಲಿಸಲು ಕೂತರೆ ಬಿಲ್ಲು ಮನೆಯದು.

ಬಿಲ್ಲನ್ನೇ ಮೊದಲು ಮುಗಿಸೋಣ. ದರಗಳು ಅಂಗಡಿಯಿಂದ ಅಂಗಡಿಗೆ ಬದಲಾಗುತ್ತವೆ, ಆದ್ದರಿಂದ ಇದು ಅಂದಾಜು. 74ಎಚ್‌ಸಿ ಸರಣಿಯ ಐಸಿ ಒಂದಕ್ಕೆ 70 ಸೆಂಟ್ ಹಿಡಿದರೆ ಐದಕ್ಕೆ ಮೂರೂವರೆ ಡಾಲರ್. 830 ರಂಧ್ರಗಳ ಬೋರ್ಡಿಗೆ 8, ತಂತಿಗೆ 8, ಸ್ವಿಚ್ಚು, ಎಲ್‌ಇಡಿ, ರೆಸಿಸ್ಟರುಗಳಿಗೆ 4, ಕೆಪಾಸಿಟರುಗಳಿಗೆ 1. ಒಟ್ಟು ಇಪ್ಪತ್ನಾಲ್ಕೂವರೆ. ಮಿಷಿಗನ್ನಿನ ಮಾರಾಟ ತೆರಿಗೆ ಶೇ 6, ಅಂದರೆ ಒಂದೂವರೆ ಡಾಲರ್. ಅಂಚೆಯಲ್ಲಿ ತರಿಸಿದರೆ ಸಾಗಣೆಗೆ ಇನ್ನು 7. ಲೆಕ್ಕ ಹಾಕುವ ಐಸಿಗಳ ಪಾಲು ಒಟ್ಟು ಖರ್ಚಿನ ಹತ್ತರಲ್ಲೊಂದು. ಅವನ್ನು ಹೊತ್ತು ತಂದವನಿಗೆ ಅದರ ಎರಡು ಪಟ್ಟು.

ಐದು ಐಸಿ ಎಲ್ಲಿಂದ ಬಂತು? ಒಂದು ಬಿಟ್ಟಿನ ಫುಲ್ ಆಡರ್‌ಗೆ ಎರಡು ಎಕ್ಸಾರ್, ಎರಡು ಆಂಡ್, ಒಂದು ಆರ್ ಗೇಟ್ ಬೇಕು. ನಾಲ್ಕು ಬಿಟ್ಟಿಗೆ 8, 8 ಮತ್ತು 4. ಒಂದು ಐಸಿಯೊಳಗೆ ನಾಲ್ಕು ಗೇಟು. ಹಾಗಾಗಿ ಎಕ್ಸಾರ್‌ನ 86 ಎರಡು, ಆಂಡ್‌ನ 08 ಎರಡು, ಆರ್‌ನ 32 ಒಂದು. ಇಪ್ಪತ್ತಕ್ಕೆ ಇಪ್ಪತ್ತೂ ಗೇಟು ಬಳಕೆಯಾಗುತ್ತವೆ. ಪ್ರತಿ ಗೇಟಿಗೆ ಎರಡು ಇನ್‌ಪುಟ್, ಪ್ರತಿ ಇನ್‌ಪುಟ್ಟಿಗೆ ಒಂದು ತಂತಿ: 40. ಪ್ರತಿ ಐಸಿಯ 14ನೇ ಪಿನ್ನಿಗೆ 5 ವೋಲ್ಟ್, 7ನೇ ಪಿನ್ನಿಗೆ ಗ್ರೌಂಡ್: 10. ನಾಲ್ಕು ಮೊತ್ತ, ಒಂದು ಕೊನೆಯ ಕ್ಯಾರಿ, ಇವು ಎಲ್‌ಇಡಿಗೆ ಹೋಗಲು 5. ಹೀಗೆ 55. ಸ್ವಿಚ್ಚಿನ ಆಚೆ ಬದಿಯದು ಇದರಲ್ಲಿ ಸೇರಿಲ್ಲ.

ಒಂದೇ ಬಿಟ್ ಸಾಕೆಂದವರಿಗೆ ಲಾಭವೇನೂ ಇಲ್ಲ. ಮೂರು ಬಗೆಯ ಗೇಟಿಗೆ ಮೂರು ಐಸಿ ತರಲೇಬೇಕು. ಹನ್ನೆರಡು ಗೇಟಿನಲ್ಲಿ ಐದು ದುಡಿಯುತ್ತವೆ, ಏಳು ಸುಮ್ಮನೆ ಕೂರುತ್ತವೆ. ಎಚ್‌ಸಿ ಸರಣಿಯಲ್ಲಿ ಸುಮ್ಮನಿರುವ ಗೇಟಿನ ಇನ್‌ಪುಟ್ಟನ್ನು ತೇಲಲು ಬಿಡುವಂತಿಲ್ಲ, ಗ್ರೌಂಡಿಗೆ ಕಟ್ಟಬೇಕು. ಅದಕ್ಕೇ 14 ತಂತಿ! ಎಲ್ಲ ಸೇರಿ 32. ನಾಲ್ಕು ಬಿಟ್ಟಿನಲ್ಲಿ ಒಂದೊಂದು ಬಿಟ್ಟಿಗೆ ಬೀಳುವುದು 14ಕ್ಕೂ ತುಸು ಕಡಿಮೆ.

ನ್ಯಾಂಡ್ ಒಂದಿದ್ದರೆ ಏನು ಬೇಕಾದರೂ ಕಟ್ಟಬಹುದು ಎಂದು ಎಲ್ಲ ಮೇಷ್ಟ್ರೂ ಹೇಳುತ್ತಾರೆ. ಕಟ್ಟಬಹುದು ನಿಜ. ಒಂದು ಫುಲ್ ಆಡರ್‌ಗೆ 9 ನ್ಯಾಂಡ್, ನಾಲ್ಕು ಬಿಟ್ಟಿಗೆ 36 ಗೇಟು, 9 ಐಸಿ, 95 ತಂತಿ. 14 ಪಿನ್ನಿನ ಐಸಿ ಬೋರ್ಡಿನಲ್ಲಿ 7 ಸಾಲು ಹಿಡಿಯುತ್ತದೆ. 830ರ ಬೋರ್ಡಿನಲ್ಲಿರುವುದು 63 ಸಾಲು. ಒಂಬತ್ತು ಐಸಿ ಒತ್ತೊತ್ತಾಗಿ ಕೂತರೆ ಬೋರ್ಡು ಭರ್ತಿ, ಸ್ವಿಚ್ಚಿಗೂ ಎಲ್‌ಇಡಿಗೂ ಜಾಗವಿಲ್ಲ, ಎರಡನೇ ಬೋರ್ಡು ಬೇಕು. ಮೇಜಿನ ಮೇಲೆ ಇದು ದುಬಾರಿ ಶಿಸ್ತು.

ಅದೇ ಶಿಸ್ತು ಚಂದ್ರನಿಗೆ ಹೋಗುವಾಗ ಸರಿಯಾಗಿತ್ತು. ಅಪೋಲೋ ನೌಕೆಯ ಗಣಕದ ಎರಡನೇ ಆವೃತ್ತಿಯ ಲಾಜಿಕ್ಕನ್ನು ಸುಮಾರು 5,600 ನಾರ್ ಗೇಟುಗಳಿಂದ ಕಟ್ಟಿದ್ದರು, ಒಂದು ಐಸಿಯಲ್ಲಿ ಎರಡರಂತೆ ಸುಮಾರು 2,800 ಐಸಿ. ಅವನ್ನು ತಯಾರಿಸಿದ ಫಿಲ್ಕೊ ಕಂಪನಿಯನ್ನು 1961ರಲ್ಲಿ ಕೊಂಡದ್ದು ಡಿಯರ್‌ಬಾರ್ನ್‌ನ ಫೋರ್ಡ್! ಸಾವಿರಗಟ್ಟಲೆ ಐಸಿ ತರಿಸಿ ಒಂದೊಂದನ್ನೂ ಪರೀಕ್ಷಿಸುವಾಗ ಒಂದೇ ಬಗೆ ಇದ್ದರೆ ಪರೀಕ್ಷೆಯೂ ಒಂದೇ. ಐದು ಐಸಿ ತರುವವರಿಗೆ ಆ ಉಳಿತಾಯ ದಕ್ಕುವುದಿಲ್ಲ.

ಇನ್ನೊಂದು ತುದಿಯಲ್ಲಿ 74ಎಚ್‌ಸಿ283 ಇದೆ. ನಾಲ್ಕು ಬಿಟ್ಟಿನ ಇಡೀ ಆಡರ್ ಒಂದೇ ಐಸಿಯೊಳಗೆ, 16 ಪಿನ್, 16 ತಂತಿ. ಅಗ್ಗ, ಚೊಕ್ಕ. ಆದರೆ ಕ್ಯಾರಿ ಒಂದು ಬಿಟ್ಟಿನಿಂದ ಮುಂದಿನದಕ್ಕೆ ದಾಟುವುದು ಕಣ್ಣಿಗೆ ಬೀಳುವುದಿಲ್ಲ, ಕಲಿಯುವ ಮಗುವಿಗೆ ಬೇಕಾದದ್ದೇ ಅದು. ಮಿಷಿಗನ್ನಿನಲ್ಲೇ ಹುಟ್ಟಿ, 1936ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಪದವಿ ಪಡೆದ ಕ್ಲಾಡ್ ಶ್ಯಾನನ್, ಮರುವರ್ಷ ಎಂಐಟಿಯ ಪ್ರಬಂಧದಲ್ಲಿ ರಿಲೇಗಳಿಂದ ಇಂಥದೇ ದ್ವಿಮಾನ ಆಡರ್ ಬರೆದು ತೋರಿಸಿದ್ದರು. ಐದು ಐಸಿಯ ದಾರಿ ಅದಕ್ಕೆ ಹತ್ತಿರ. ನನ್ನ ಮತ ಆ ದಾರಿಗೇ.

ವಿದ್ಯುತ್ತಿನ ಚಿಂತೆ ಬೇಡ. ಎಲ್‌ಇಡಿಗೆ 1 ಕಿಲೋ ಓಮ್ ರೆಸಿಸ್ಟರ್ ಹಾಕಿದರೆ ತಲಾ 3 ಮಿಲಿಆಂಪ್. ಸ್ವಿಚ್ಚಿನ 10 ಕಿಲೋ ಓಮ್‌ಗಳೂ ಸೇರಿ ಎಲ್ಲ ಉರಿದರೂ 20 ಮಿಲಿಆಂಪ್. 5 ವೋಲ್ಟಿನಲ್ಲಿ ಇದು ವ್ಯಾಟಿನ ಹತ್ತನೇ ಒಂದು ಭಾಗ, ಒಂದು ಯೂನಿಟ್ ಖರ್ಚಾಗಲು ಹತ್ತು ಸಾವಿರ ಗಂಟೆ ಬೇಕು. ಹಳೆಯ ಎಲ್‌ಎಸ್ ಸರಣಿಯಾದರೆ ಐಸಿಗಳೇ ಹೆಚ್ಚೆಂದರೆ 47 ಮಿಲಿಆಂಪ್ ಎಳೆಯುತ್ತವೆ, ವೋಲ್ಟೇಜೂ 4.75ಕ್ಕಿಂತ ಇಳಿಯುವಂತಿಲ್ಲ. ಎಚ್‌ಸಿ 2ರಿಂದ 6 ವೋಲ್ಟಿನವರೆಗೆ ಒಪ್ಪುತ್ತದೆ, ಮೂರು ಪೆನ್ಸಿಲ್ ಸೆಲ್ಲಿನಲ್ಲೂ ನಡೆಯುತ್ತದೆ. 9 ವೋಲ್ಟಿನ ಬ್ಯಾಟರಿಯನ್ನು ನೇರ ಕೊಟ್ಟರೆ ಐಸಿ ಕೈಬಿಟ್ಟಂತೆ.

ಸಮಯ ತಿನ್ನುವುದು ಪರೀಕ್ಷೆ. ನಾಲ್ಕು, ನಾಲ್ಕು, ಒಂದು ಕ್ಯಾರಿ, ಒಟ್ಟು ಒಂಬತ್ತು ಇನ್‌ಪುಟ್, 512 ಜೋಡಣೆ. ಒಂದಕ್ಕೆ ಹತ್ತು ಸೆಕೆಂಡ್ ಎಂದರೂ 85 ನಿಮಿಷ, ಅದರಲ್ಲಿ ತಪ್ಪು ಸಿಕ್ಕರೂ ಎಲ್ಲಿದೆಯೆಂದು ತಿಳಿಯುವುದಿಲ್ಲ. ಬದಲಿಗೆ ತಂತಿ ಎಳೆಯುವ ಮೊದಲೇ ಇಪ್ಪತ್ತು ಗೇಟಿಗೆ ನಾಲ್ಕರಂತೆ 80 ಸಲ, ಆಮೇಲೆ ಕಟ್ಟಿದ ಪ್ರತಿ ಬಿಟ್ಟಿಗೆ ಎಂಟರಂತೆ 32 ಸಲ ನೋಡಿದರೆ 112. ಹತ್ತೊಂಬತ್ತು ನಿಮಿಷದೊಳಗೆ ಮುಗಿಯುತ್ತದೆ. ನ್ಯಾಂಡ್‌ನ 00, ಜೊತೆಗೆ 08, 32, 86, ಈ ನಾಲ್ಕು ಐಸಿಗಳಿಗೂ ಪಿನ್ ಜೋಡಣೆ ಒಂದೇ ಆದ್ದರಿಂದ ಒಮ್ಮೆ ಹಾಕಿದ ಪರೀಕ್ಷೆಯ ತಂತಿ ಎಲ್ಲಕ್ಕೂ ಆಗುತ್ತದೆ. ಇನ್‌ಪುಟ್ 00, 01, 10, 11 ಕೊಟ್ಟಾಗ ನ್ಯಾಂಡ್ 1110 ಎನ್ನುತ್ತದೆ, ಆಂಡ್ 0001, ಆರ್ 0111, ಎಕ್ಸಾರ್ 0110. ಮೇಲಿನ ಅಕ್ಷರ ಅಳಿಸಿದ ಐಸಿಯ ಗುರುತೂ ಇದರಿಂದಲೇ ಸಿಗುತ್ತದೆ. ನಾರ್‌ನ 02 ಮಾತ್ರ ಬೇರೆ: ಅದರ ಔಟ್‌ಪುಟ್ ಒಂದನೇ ಪಿನ್ನಿನಲ್ಲಿದೆ.

ಎಲ್ಲ ಸರಿಯಿದ್ದೂ ಅರ್ಧ ಬೋರ್ಡು ಸತ್ತಂತಿದ್ದರೆ ಐಸಿ ಕೀಳಬೇಡಿ. ಎಷ್ಟೋ ಬೋರ್ಡುಗಳಲ್ಲಿ ಅಂಚಿನ 50 ರಂಧ್ರದ ವಿದ್ಯುತ್ ಪಟ್ಟಿ ನಡುವೆ ತುಂಡಾಗಿ 25, 25 ಆಗಿರುತ್ತದೆ. ಒಂದು ಚೂರು ತಂತಿ ಸಾಕು. ಆರ್ಡರ್ ಮಾಡುವಾಗ ಪ್ರತಿ ಬಗೆಯಲ್ಲೂ ಒಂದೊಂದು ಐಸಿ ಹೆಚ್ಚಿಗೆ ಸೇರಿಸಿ. ಮೂರಕ್ಕೆ ಎರಡು ಡಾಲರ್ ಹತ್ತು ಸೆಂಟ್. ಸುಟ್ಟ ಮೇಲೆ ಒಂದನ್ನೇ ತರಿಸಿದರೂ ಸಾಗಣೆಗೆ ಮತ್ತೆ ಏಳು.