ಗಣಕಯಂತ್ರದ ವೇಗವೂ ನಮ್ಮ ಬೇಸಗೆಯೂ

ದುಡಿಯುವ ಯಂತ್ರವೆಲ್ಲ ಬಿಸಿಯಾಗುತ್ತದೆ. ಗಿರಣಿಯಿಂದ ಆಗತಾನೆ ಬಿದ್ದ ಜೋಳದ ಹಿಟ್ಟನ್ನು ಮುಟ್ಟಿ ನೋಡಿದವರಿಗೆ, ನಾಲ್ಕು ತಾಸು ನಡೆದ ಪಂಪಿನ ಮೋಟಾರಿನ ಮೇಲೆ ಕೈಯಿಟ್ಟವರಿಗೆ ಈ ಮಾತನ್ನು ಬೇರೆ ಹೇಳಬೇಕಾಗಿಲ್ಲ. ಗಿರಣಿಯಲ್ಲಿ ಕಲ್ಲು ಕಲ್ಲಿಗೆ ಉಜ್ಜುತ್ತದೆ. ಮೋಟಾರಿನ ಅಚ್ಚು ತಿರುಗುತ್ತದೆ. ಗಣಕಯಂತ್ರದ ಹೃದಯವೆನಿಸಿದ ಪ್ರೊಸೆಸರಿನಲ್ಲಿಯಾದರೋ ಚಲಿಸುವ ಭಾಗ ಒಂದೂ ಇಲ್ಲ. ಅದು ಉಗುರಿನಷ್ಟಗಲದ ಒಂದು ಸಿಲಿಕಾನ್ ಬಿಲ್ಲೆ. ಆದರೂ ತಂಪುಗೊಳಿಸುವ ಏರ್ಪಾಡಿಲ್ಲದೆ ಪೂರ್ಣ ಕೆಲಸಕ್ಕೆ ಹಚ್ಚಿದರೆ ಅದು ಕೆಲವೇ ಕ್ಷಣಗಳಲ್ಲಿ ಕುದಿಯುವ ನೀರಿನಷ್ಟು ಬಿಸಿಯಾಗಬಲ್ಲುದು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಮನೆಗಳಲ್ಲಿ ಮಕ್ಕಳ ಓದಿಗಾಗಿ ಗಣಕಯಂತ್ರ ಕೊಳ್ಳುವುದೆಂದರೆ ಅನೇಕರಿಗೆ ವರ್ಷದ ಉಳಿತಾಯವನ್ನು ಒಮ್ಮೆಗೇ ತೆಗೆದು ಕೊಡುವ ಮಾತು. ಆ ಹೊತ್ತಿನಲ್ಲಿ ವಿದ್ಯಾರ್ಥಿಗಳು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಗಿಗಾಹರ್ಟ್ಸ್?’ ಎಂಬುದು. ಎರಡನೆಯದು, ‘ಅದನ್ನು ಓವರ್‌ಕ್ಲಾಕ್ ಮಾಡಬಹುದೇ?’ ಎಂಬುದು, ಅಂದರೆ, ತಯಾರಕರು ಗೊತ್ತುಮಾಡಿದ ವೇಗವನ್ನು ಮೀರಿ ಓಡಿಸಬಹುದೇ ಎಂದು. ಇವೆರಡಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಮತ್ತೊಂದಿದೆ: ಅದರಲ್ಲಿ ಹುಟ್ಟುವ ಶಾಖ ಎಲ್ಲಿಗೆ ಹೋಗಬೇಕು? ನಮ್ಮ ಸೀಮೆಯ ಬೇಸಗೆಯಲ್ಲಿ ಈ ಪ್ರಶ್ನೆಗೆ ವಿಶೇಷ ಮಹತ್ವವಿದೆ.

ಶಾಖ ಹುಟ್ಟುವ ಬಗೆ

ಪ್ರೊಸೆಸರಿನಲ್ಲಿ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳಿರುತ್ತವೆ. ಪ್ರತಿಯೊಂದೂ ಅತಿ ಸೂಕ್ಷ್ಮವಾದ ಒಂದು ಸ್ವಿಚ್ಚು. ಸ್ವಿಚ್ಚು ತೆರೆದು ಮುಚ್ಚಿದಾಗಲೆಲ್ಲ ಅದಕ್ಕೆ ತಗಲಿರುವ ತಂತುಗಳಲ್ಲಿ ಒಂದಿಷ್ಟು ವಿದ್ಯುದಾವೇಶ ತುಂಬಿ ಬರಿದಾಗಬೇಕು. ಹೀಗೆ ತುಂಬಿ ಬರಿದಾಗುವಾಗ ವ್ಯಯವಾದ ಶಕ್ತಿಯೆಲ್ಲ ಶಾಖವಾಗಿಯೇ ಹೊರಬೀಳುತ್ತದೆ. ಈ ಸ್ವಿಚ್ಚುಗಳಿಗೆ ತಾಳ ಹಾಕುವುದು ಪ್ರೊಸೆಸರಿನ ಗಡಿಯಾರ. 4 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 400 ಕೋಟಿ ತಾಳ.

ಆದಕಾರಣ ಶಾಖವು ತಾಳದ ವೇಗಕ್ಕೆ ಅನುಪಾತವಾಗಿ ಹೆಚ್ಚುತ್ತದೆ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ವೇಗ ಹೆಚ್ಚಿದಂತೆ ಸ್ವಿಚ್ಚುಗಳು ತಪ್ಪಿಲ್ಲದೆ ಕೆಲಸಮಾಡಬೇಕಾದರೆ ಸಾಮಾನ್ಯವಾಗಿ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ಶಾಖವು ವೋಲ್ಟೇಜಿನ ವರ್ಗಕ್ಕೆ ಅನುಪಾತವಾಗಿ ಬೆಳೆಯುತ್ತದೆ. ವೇಗವನ್ನು ಶೇಕಡಾ 10, ವೋಲ್ಟೇಜನ್ನು ಶೇಕಡಾ 10 ಏರಿಸಿದೆವೆನ್ನೋಣ. 1.1ನ್ನು 1.1ರಿಂದ ಎರಡು ಬಾರಿ ಗುಣಿಸಿದಂತಾಗಿ 1.331 ಬರುತ್ತದೆ. ಕೆಲಸದಲ್ಲಿ ಹೆಚ್ಚೆಂದರೆ ಹತ್ತನೆಯ ಒಂದು ಪಾಲು ಲಾಭ. ಶಾಖದಲ್ಲಿ ಮೂರನೆಯ ಒಂದು ಪಾಲು ಏರಿಕೆ. ಸ್ವಿಚ್ಚು ಮುಚ್ಚಿರುವಾಗಲೂ ಅಲ್ಪಸ್ವಲ್ಪ ವಿದ್ಯುತ್ತು ಸೋರುತ್ತದೆ. ಬಿಲ್ಲೆ ಬಿಸಿಯಾದಷ್ಟೂ ಈ ಸೋರಿಕೆ ಹೆಚ್ಚು.

ಏರಿದ ವೋಲ್ಟೇಜು ಬಿಲ್ಲೆಯ ಆಯುಷ್ಯವನ್ನೂ ತಿನ್ನುತ್ತದೆ. 2024ರಲ್ಲಿ ಇಂಟೆಲ್ ಸಂಸ್ಥೆಯ 13 ಮತ್ತು 14ನೆಯ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಅಸ್ಥಿರವಾಗತೊಡಗಿದಾಗ, ಮಿತಿಮೀರಿದ ವೋಲ್ಟೇಜು ಅದಕ್ಕೆ ಕಾರಣವೆಂದು ಆ ಸಂಸ್ಥೆಯೇ ತಿಳಿಸಿತು. ತಿದ್ದುಪಡಿಯನ್ನು ಬಿಡುಗಡೆ ಮಾಡಿ, ಖಾತರಿಯ ಅವಧಿಯನ್ನು ಎರಡು ವರ್ಷ ವಿಸ್ತರಿಸಿತು.

ವೇಗ ನಿಂತದ್ದು ಏಕೆ?

1971ರಲ್ಲಿ ಹೊರಬಂದ ಇಂಟೆಲ್ 4004 ಎಂಬ ಪ್ರೊಸೆಸರಿನಲ್ಲಿ ಇದ್ದುದು ಸುಮಾರು 2,300 ಟ್ರಾನ್ಸಿಸ್ಟರು. ಅದರ ತಾಳ ಸೆಕೆಂಡಿಗೆ ಸುಮಾರು 7 ಲಕ್ಷ 40 ಸಾವಿರ. ಟ್ರಾನ್ಸಿಸ್ಟರನ್ನು ಕಿರಿದುಮಾಡಿ, ಅದೇ ಪ್ರಮಾಣದಲ್ಲಿ ವೋಲ್ಟೇಜನ್ನೂ ಇಳಿಸಿದರೆ ಶಾಖ ಹೆಚ್ಚದೆ ವೇಗ ಹೆಚ್ಚುತ್ತದೆಂದು 1974ರಲ್ಲಿ ರಾಬರ್ಟ್ ಡೆನ್ನಾರ್ಡ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಮೂರು ದಶಕಗಳ ಕಾಲ ಉದ್ಯಮವು ಈ ಸೂತ್ರವನ್ನು ಹಿಡಿದು ನಡೆಯಿತು. ಆದರೆ ವೋಲ್ಟೇಜನ್ನು ಇಳಿಸುವುದಕ್ಕೂ ಒಂದು ಮಿತಿಯುಂಟು. ಅದನ್ನು ದಾಟಿದರೆ ಸೋರಿಕೆ ಅತಿಯಾಗುತ್ತದೆ. 2004ರಲ್ಲಿ ಪೆಂಟಿಯಂ 4 ಪ್ರೊಸೆಸರು 3.8 ಗಿಗಾಹರ್ಟ್ಸಿಗೆ ನಿಂತಿತು. 4 ಗಿಗಾಹರ್ಟ್ಸಿನ ಮಾದರಿಯನ್ನು ಹೊರತರುವ ಯೋಜನೆಯನ್ನು ಇಂಟೆಲ್ ಅದೇ ವರ್ಷ ಕೈಬಿಟ್ಟಿತು.

ಅನಂತರದ ಹಾದಿ ಬೇರೆ. ಒಂದೇ ಎತ್ತನ್ನು ಹೊಡೆದು ಓಡಿಸುವ ಬದಲು ಹಲವು ಎತ್ತುಗಳನ್ನು ಹೂಡುವ ಹಾದಿ ಅದು. ಒಂದೇ ಪ್ರೊಸೆಸರಿನಲ್ಲಿ ಹಲವು ಕೋರುಗಳು ಬಂದವು. ಇದರಲ್ಲಿ ಕರ್ನಾಟಕದ ಪಾಲೂ ಉಂಟು. 2008ರ ಸೆಪ್ಟೆಂಬರಿನಲ್ಲಿ ಹೊರಬಂದ, ಡನ್ನಿಂಗ್‌ಟನ್ ಎಂಬ ಸಂಕೇತನಾಮದ ಆರು ಕೋರುಗಳ ಪ್ರೊಸೆಸರು ಇಂಟೆಲಿನ ಬೆಂಗಳೂರು ಕೇಂದ್ರದಲ್ಲಿ ವಿನ್ಯಾಸಗೊಂಡದ್ದು. ಅದರ ಅತ್ಯಧಿಕ ವೇಗ 2.66 ಗಿಗಾಹರ್ಟ್ಸ್, ನಾಲ್ಕು ವರ್ಷ ಹಿಂದಿನ ಪೆಂಟಿಯಮ್ಮಿಗಿಂತ ಕಡಿಮೆ. ಆದರೂ ಒಟ್ಟು ಮಾಡಬಲ್ಲ ಕೆಲಸ ಅದಕ್ಕಿಂತ ಬಹಳ ಹೆಚ್ಚು. ಗಿಗಾಹರ್ಟ್ಸ್ ಒಂದರಿಂದಲೇ ಪ್ರೊಸೆಸರಿನ ಯೋಗ್ಯತೆಯನ್ನು ಅಳೆಯಬಾರದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಶಾಖದ ಕಾಲುವೆ

ಹುಟ್ಟಿದ ಶಾಖ ಹೊರಹೋಗುವುದು ಹೇಗೆ? ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟಿನಿಂದ ಹೊರಡುವ ಎಡದಂಡೆ ಕಾಲುವೆಯನ್ನು ನೆನೆದುಕೊಳ್ಳಿ. ಜಲಾಶಯದ ಮಟ್ಟ ಗಂಗಾವತಿಯ ಗದ್ದೆಗಳ ಮಟ್ಟಕ್ಕಿಂತ ಮೇಲಿರುವುದರಿಂದ ನೀರು ಹರಿಯುತ್ತದೆ. ಹರಿವಿನ ಪ್ರಮಾಣವನ್ನು ನಿರ್ಧರಿಸುವುದು ಎರಡು ಸಂಗತಿ: ಮಟ್ಟಗಳ ಅಂತರ ಮತ್ತು ಕಾಲುವೆಯ ಅಗಲ. ಶಾಖದ ರೀತಿಯೂ ಇದೇ. ಬಿಲ್ಲೆಯ ಉಷ್ಣತೆಗೂ ಗಾಳಿಯ ಉಷ್ಣತೆಗೂ ಇರುವ ಅಂತರವೇ ಶಾಖವನ್ನು ತಳ್ಳುವ ಬಲ. ದಾರಿಯ ಇಕ್ಕಟ್ಟಿಗೆ ಉಷ್ಣರೋಧವೆಂದು ಹೆಸರು. ಒಂದು ವ್ಯಾಟ್ ಶಾಖವನ್ನು ಸಾಗಿಸಲು ಎಷ್ಟು ಡಿಗ್ರಿ ಅಂತರ ಬೇಕೆಂಬುದೇ ಉಷ್ಣರೋಧದ ಅಳತೆ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಕೂಲರಿನ ಉಷ್ಣರೋಧ ವ್ಯಾಟಿಗೆ 0.4 ಡಿಗ್ರಿ, ಪ್ರೊಸೆಸರಿನ ಶಾಖ 100 ವ್ಯಾಟ್ ಎಂದು ಇಟ್ಟುಕೊಳ್ಳಿ. ಆಗ ಬಿಲ್ಲೆಯು ಸುತ್ತಲಿನ ಗಾಳಿಗಿಂತ 40 ಡಿಗ್ರಿ ಹೆಚ್ಚು ಬಿಸಿಯಾಗಿರುತ್ತದೆ. ಕ್ಯಾಬಿನೆಟ್ಟಿನೊಳಗಿನ ಗಾಳಿ ಕೋಣೆಯ ಗಾಳಿಗಿಂತ 5 ಡಿಗ್ರಿ ಹೆಚ್ಚೆನ್ನೋಣ. ಹವಾನಿಯಂತ್ರಿತ ಪರೀಕ್ಷಾ ಕೊಠಡಿಯಲ್ಲಿ 22 ಡಿಗ್ರಿ ಇದ್ದರೆ ಬಿಲ್ಲೆಯ ಉಷ್ಣತೆ 67. ನಮ್ಮ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಹೊರಗಿನ ಉಷ್ಣತೆ 40 ಡಿಗ್ರಿ ಮುಟ್ಟುವುದು ಅಪರೂಪವಲ್ಲ. ಕೋಣೆ 38 ಡಿಗ್ರಿ ಇದ್ದರೆ ಅದೇ ಪ್ರೊಸೆಸರು, ಅದೇ ಕೂಲರು, ಆದರೆ ಬಿಲ್ಲೆಯ ಉಷ್ಣತೆ 83. ಕೋಣೆಯ ಪ್ರತಿಯೊಂದು ಡಿಗ್ರಿಯೂ ಬಿಲ್ಲೆಯ ಲೆಕ್ಕಕ್ಕೆ ಪೂರಾ ಸೇರುತ್ತದೆ.

ಈಗ ಮೇಲೆ ಹೇಳಿದಂತೆ ವೇಗವನ್ನು ಏರಿಸಿ. 133 ವ್ಯಾಟಿಗೆ ಸುಮಾರು 53 ಡಿಗ್ರಿ ಅಂತರ ಬೇಕು. ಪರೀಕ್ಷಾ ಕೊಠಡಿಯಲ್ಲಿ 80 ಡಿಗ್ರಿ, ಚಿಂತೆಯಿಲ್ಲ. ಕೊಪ್ಪಳದ ಮಧ್ಯಾಹ್ನದಲ್ಲಿ 96! ಎಎಂಡಿ ಸಂಸ್ಥೆಯ ರೈಜೆನ್ 7000 ಶ್ರೇಣಿಯ ಹೆಚ್ಚಿನ ಪ್ರೊಸೆಸರುಗಳಿಗೆ 95 ಡಿಗ್ರಿಯೇ ಮಿತಿ. ಇಂಟೆಲಿನ ಹಲವಕ್ಕೆ 100. ಮಿತಿ ಮುಟ್ಟಿದೊಡನೆ ಪ್ರೊಸೆಸರು ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗವನ್ನು ತಗ್ಗಿಸುತ್ತದೆ. ಹಣ ತೆತ್ತು ಏರಿಸಿದ ವೇಗವನ್ನು ಬಿಸಿಲು ಹೀಗೆ ಹಿಂದಕ್ಕೆ ಕಸಿದುಕೊಳ್ಳುತ್ತದೆ.

ಮಡಕೆಯ ನೀರೂ ಕೂಲರಿನ ನೀರೂ

ಕೂಲರಿನ ಕೆಲಸ ಸುಲಭದ್ದಲ್ಲ. ಸುಮಾರು ಎರಡೂವರೆ ಚದರ ಸೆಂಟಿಮೀಟರಿನ ಬಿಲ್ಲೆಯಲ್ಲಿ 250 ವ್ಯಾಟ್ ಹುಟ್ಟುವ ಪ್ರೊಸೆಸರುಗಳಿವೆ. ಚದರ ಸೆಂಟಿಮೀಟರಿಗೆ 100 ವ್ಯಾಟ್. ಸಾವಿರ ವ್ಯಾಟಿನ ಇಸ್ತ್ರಿ ಪೆಟ್ಟಿಗೆಯ ತಳ 200 ಚದರ ಸೆಂಟಿಮೀಟರ್ ಇದ್ದರೆ ಅಲ್ಲಿ ಬೀಳುವುದು 5 ವ್ಯಾಟ್ ಮಾತ್ರ. ಇಷ್ಟು ಒತ್ತಾದ ಶಾಖವನ್ನು ಮೊದಲು ಅಗಲಕ್ಕೆ ಹರಡಬೇಕು. ಬಿಲ್ಲೆಯ ಮುಚ್ಚಳಕ್ಕೂ ಕೂಲರಿಗೂ ನಡುವೆ ಗಾಳಿಯ ಪದರ ಉಳಿದರೆ ದಾರಿ ಕಟ್ಟಿದಂತೆಯೇ. ಗಾಳಿಗಿಂತ ತಾಮ್ರವು ಶಾಖವನ್ನು ಹತ್ತು ಸಾವಿರ ಪಟ್ಟಿಗೂ ಹೆಚ್ಚು ಸುಲಭವಾಗಿ ಸಾಗಿಸುತ್ತದೆ. ಆ ಸಂದುಗಳನ್ನು ತುಂಬುವುದಕ್ಕಾಗಿಯೇ ಥರ್ಮಲ್ ಪೇಸ್ಟನ್ನು ತೆಳ್ಳಗೆ ಹಚ್ಚುತ್ತಾರೆ.

ಅಲ್ಲಿಂದ ಶಾಖವನ್ನು ಒಯ್ಯುವುದು ಉಷ್ಣನಾಳ. 1963ರಲ್ಲಿ ಅಮೆರಿಕದ ಲಾಸ್ ಅಲಾಮಾಸ್ ಪ್ರಯೋಗಶಾಲೆಯಲ್ಲಿ ಜಾರ್ಜ್ ಗ್ರೋವರ್ ಅವರು ಇದನ್ನು ರೂಪಿಸಿ ತೋರಿಸಿದರು. ಬಾಯಿ ಬೆಸೆದ ತಾಮ್ರದ ನಾಳದಲ್ಲಿ ಅತಿ ಕಡಿಮೆ ಒತ್ತಡದಲ್ಲಿ ತುಸು ನೀರಿರುತ್ತದೆ. ಬಿಸಿ ತುದಿಯಲ್ಲಿ ನೀರು ಆವಿಯಾಗಿ, ತಂಪು ತುದಿಯಲ್ಲಿ ಸಾಂದ್ರಗೊಂಡು, ಒಳಗೋಡೆಯ ಬತ್ತಿಯ ಮೂಲಕ ಹಿಂದಿರುಗುತ್ತದೆ. ತಂಪು ತುದಿಗೆ ಜೋಡಿಸಿದ ಅಲ್ಯೂಮಿನಿಯಂ ಹಾಳೆಗಳ ನಡುವೆ ಫ್ಯಾನು ಗಾಳಿಯನ್ನು ಹಾಯಿಸುತ್ತದೆ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕು. ನಮ್ಮ ಒಣ ಬೇಸಗೆಯಲ್ಲಿ ಮಡಕೆಯ ನೀರು ಕೋಣೆಯ ಗಾಳಿಗಿಂತ ತಣ್ಣಗಿರುತ್ತದೆ. ಹಾಗೆಯೇ ನೀರಿನ ಕೂಲರು ಹಾಕಿದರೆ ಪ್ರೊಸೆಸರು ಗಾಳಿಗಿಂತ ತಣ್ಣಗಾದೀತೆಂದು ಕೆಲವರು ಭಾವಿಸುತ್ತಾರೆ. ಮಡಕೆ ತಣ್ಣಗಾಗುವುದು ತನ್ನ ನೀರನ್ನು ಆವಿಯಾಗಿ ಹೊರಗೆ ಕಳೆದುಕೊಂಡು. ಕೂಲರಿನ ನೀರು ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತದೆಯೇ ಹೊರತು ಹೊರಹೋಗುವುದಿಲ್ಲ. ಅದು ಕಾಲುವೆಯನ್ನು ಅಗಲ ಮಾಡೀತು. ಗದ್ದೆಯ ಮಟ್ಟವನ್ನು, ಎಂದರೆ ಗಾಳಿಯ ಉಷ್ಣತೆಯನ್ನು, ಇಳಿಸಲಾರದು. ವೇಗದ ದಾಖಲೆಗಾಗಿ ಹೋರಾಡುವವರು ಆ ಮಟ್ಟವನ್ನೇ ಇಳಿಸುತ್ತಾರೆ. 2022ರಲ್ಲಿ ಒಂದು ಪ್ರೊಸೆಸರನ್ನು 9 ಗಿಗಾಹರ್ಟ್ಸ್ ದಾಟಿಸಿದಾಗ ಬಳಸಿದ್ದು ದ್ರವ ಹೀಲಿಯಂ. ಅದು ಕುದಿಯುವುದು ಸೊನ್ನೆಯ ಕೆಳಗೆ 269 ಡಿಗ್ರಿಯಲ್ಲಿ. ಕ್ಷಣಕಾಲದ ಸಾಹಸವದು, ನಿತ್ಯದ ಬಳಕೆಗೆ ಸಲ್ಲದು.

ಕಾಲುವೆಯಲ್ಲಿ ಹೂಳು ತುಂಬುವುದೂ ಉಂಟು. ಗಂಗಾವತಿಯ ಅಕ್ಕಿ ಗಿರಣಿಗಳ ಹೊಟ್ಟಿನ ಧೂಳು, ಗಿಣಿಗೇರಿಯ ಕಾರ್ಖಾನೆಗಳ ಕಡೆಯ ಕರಿಧೂಳು, ಕುಷ್ಟಗಿ-ಯಲಬುರ್ಗಾಗಳ ಬಯಲಿನ ಮಣ್ಣು ಹಾಳೆಗಳ ಸಂದಿನಲ್ಲಿ ಕೂತರೆ ಗಾಳಿಯ ದಾರಿ ಮುಚ್ಚಿ ಉಷ್ಣರೋಧ ಏರುತ್ತದೆ. ವಿದ್ಯುತ್ತಿನ ಸಂಪರ್ಕವನ್ನು ಕಿತ್ತು, ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದು, ಮೆದುವಾದ ಕುಂಚದಿಂದ ಎರಡು ಮೂರು ತಿಂಗಳಿಗೊಮ್ಮೆ ಧೂಳು ತೆಗೆಯುವುದು ಖರ್ಚಿಲ್ಲದ ಉಪಾಯ.

ಕೊಳ್ಳುವಾಗ ನೋಡಬೇಕಾದುದು

ಪೆಟ್ಟಿಗೆಯ ಮೇಲಿನ ಗಿಗಾಹರ್ಟ್ಸಿನ ಜೊತೆಗೆ ವ್ಯಾಟನ್ನೂ ಓದಬೇಕು. ಎಎಂಡಿಯ ರೈಜೆನ್ 5 7600 ಎಕ್ಸ್ ಮತ್ತು ರೈಜೆನ್ 5 7600 ಎರಡಕ್ಕೂ ಆರು ಕೋರುಗಳು. ಮೊದಲನೆಯದರ ಗರಿಷ್ಠ ವೇಗ 5.3 ಗಿಗಾಹರ್ಟ್ಸ್, ನಿಗದಿತ ಶಾಖ 105 ವ್ಯಾಟ್; ಎರಡನೆಯದು 5.1 ಗಿಗಾಹರ್ಟ್ಸ್, 65 ವ್ಯಾಟ್. ಗರಿಷ್ಠ ವೇಗದಲ್ಲಿ ಶೇಕಡಾ 4ರ ಅಂತರಕ್ಕೆ ಶಾಖದಲ್ಲಿ ಶೇಕಡಾ 60ರ ಅಂತರ! ಮೇಲಾಗಿ ಎರಡನೆಯದರ ಪೆಟ್ಟಿಗೆಯಲ್ಲಿ ಕೂಲರೂ ಬರುತ್ತದೆ. ಮೊದಲನೆಯದಕ್ಕೆ ಬೇರೆ ಕೊಳ್ಳಬೇಕು. ಪೂರ್ಣ ಕೆಲಸದಲ್ಲಿ ಪ್ರೊಸೆಸರುಗಳು ಈ ನಿಗದಿಯನ್ನು ಮೀರುವುದೂ ಉಂಟೆಂಬುದನ್ನು ನೆನಪಿಡಿ.

ಓದು, ಬರಹ, ಪ್ರೋಗ್ರಾಮು ಕಲಿಕೆಗೆ ಇಂಥ ಕಡಿಮೆ ವ್ಯಾಟಿನ ಪ್ರೊಸೆಸರು ಧಾರಾಳವಾಗಿ ಸಾಕು. ಓವರ್‌ಕ್ಲಾಕಿಂಗ್‌ಗಾಗಿ ದುಬಾರಿ ಮದರ್‌ಬೋರ್ಡಿಗೆ ಹಾಕುವ ಹಣವನ್ನು ಮೆಮೊರಿಗೋ, ಒಳ್ಳೆಯ ಕೂಲರಿಗೋ, ಗಾಳಿಯಾಡುವ ಕ್ಯಾಬಿನೆಟ್ಟಿಗೋ ಹಾಕುವುದು ಲೇಸು. ನಿಗದಿ ಮೀರಿ ಓಡಿಸಿದ್ದರಿಂದಾದ ಹಾನಿಗೆ ತಯಾರಕರ ಖಾತರಿ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ.

ಈಗಾಗಲೇ ಗಣಕಯಂತ್ರವುಳ್ಳವರು ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಒಂದೇ ಬಗೆಯ ಕೆಲಸವನ್ನು ಅರ್ಧ ತಾಸು ಕೊಟ್ಟು, ಪ್ರೊಸೆಸರಿನ ಉಷ್ಣತೆಯನ್ನೂ ಅದು ಸೆಳೆಯುವ ವ್ಯಾಟನ್ನೂ ಉಚಿತವಾಗಿ ದೊರೆಯುವ ತಂತ್ರಾಂಶದಿಂದ ಓದಿಕೊಳ್ಳಿ. ಕೋಣೆಯ ಉಷ್ಣತೆಯನ್ನು ಉಷ್ಣಮಾಪಕದಿಂದ ಅಳೆಯಿರಿ. ಎರಡು ಉಷ್ಣತೆಗಳ ಅಂತರವನ್ನು ವ್ಯಾಟಿನಿಂದ ಭಾಗಿಸಿದರೆ ನಿಮ್ಮ ಯಂತ್ರದ ಉಷ್ಣರೋಧ ಸಿಗುತ್ತದೆ. ಜನವರಿಯ ಬೆಳಗಿನಲ್ಲಿಯೂ ಮೇ ತಿಂಗಳ ಮಧ್ಯಾಹ್ನದಲ್ಲಿಯೂ ಅದು ಹೆಚ್ಚುಕಡಿಮೆ ಒಂದೇ ಬರಬೇಕು. ಬೇಸಗೆಯಲ್ಲಿ ಹೆಚ್ಚಿಗೆ ಬಂದರೆ ಯಂತ್ರ ಹಳತಾಯಿತೆಂದು ಹೊಸತನ್ನು ಕೊಳ್ಳಲು ಹೊರಡುವ ಮುನ್ನ, ಕ್ಯಾಬಿನೆಟ್ಟಿನ ಮುಚ್ಚಳವನ್ನು ತೆಗೆದು ಧೂಳನ್ನು ನೋಡಿ.