ಜೊನಾಥನ್ ವೈಲ್ಡನೂ ಅಂದಿನ ಆಂಗ್ಲ ಶಾಸನವೂ

ಕ್ರಿ. ಶ. 1725ನೆಯ ಇಸವಿ ಮೇ ತಿಂಗಳು 24ನೆಯ ತಾರೀಖು ಲಂಡನ್ನಿನ ಟೈಬರ್ನ್ ಎಂಬ ವಧಸ್ಥಾನದಲ್ಲಿ ಜೊನಾಥನ್ ವೈಲ್ಡನೆಂಬವನನ್ನು ಗಲ್ಲಿಗೇರಿಸಿದರು. ಜಾನ್ ಗೇ ಕವಿಯ ‘ಬೆಗ್ಗರ್ಸ್ ಆಪೆರ’ ಎಂಬ ಗೀತನಾಟಕವನ್ನೂ ಹೆನ್ರಿ ಫೀಲ್ಡಿಂಗನ ‘ಜೊನಾಥನ್ ವೈಲ್ಡ್’ ಎಂಬ ಕಥೆಯನ್ನೂ ಓದುವವರು ಈತನನ್ನು ಅಸಾಧಾರಣನಾದ ಒಬ್ಬ ದುಷ್ಟನೆಂದು ಮಾತ್ರ ಎಣಿಸುವುದುಂಟು. ಆತನನ್ನು ಪೋಷಿಸಿ ಬೆಳೆಯಿಸಿದುದು ಅಂದಿನ ಶಾಸನವೇ ಎಂಬುದನ್ನು ಅರಿತಲ್ಲದೆ ಈ ಕೃತಿಗಳ ವಿಡಂಬನೆಯ ಮೊನೆ ಗೋಚರವಾಗದು.

ಆ ಕಾಲದ ಲಂಡನ್ನಿನಲ್ಲಿ ಇಂದಿನಂತಹ ಪೋಲೀಸು ದಳವಿರಲಿಲ್ಲ. ಇದ್ದವರು ಪೇಟೆಪೇಟೆಯ ರಾತ್ರಿ ಕಾವಲಿನವರು ಮೊದಲಾದವರು. ಕಳ್ಳನ ಮೇಲೆ ಫಿರ್ಯಾದು ನಡೆಯಿಸುವ ಹೊರೆಯೂ ವೆಚ್ಚವೂ ಬಹುಮಟ್ಟಿಗೆ ಸೊತ್ತು ಕಳೆದುಕೊಂಡವನದೇ. ಈ ಕೊರತೆಯನ್ನು ನೀಗುವುದಕ್ಕೆಂದು 1692ರ ಶಾಸನವು, ದಾರಿಗಳ್ಳನನ್ನು ಹಿಡಿದು ಅಪರಾಧವನ್ನು ಸ್ಥಾಪಿಸಿದವರಿಗೆ 40 ಪೌಂಡು ಇನಾಮನ್ನು ಗೊತ್ತುಮಾಡಿತು. ವೈಲ್ಡನು ಈ ಎರಡು ಎಳೆಗಳನ್ನೂ ಹಿಡಿದನು. ಅವನ ಅಧೀನದಲ್ಲಿದ್ದ ಕಳ್ಳರು ಕದಿಯುವರು. ಸೊತ್ತಿನವನು ವೈಲ್ಡನ ಕಛೇರಿಗೆ ಬಂದು ಮೊರೆಯಿಡುವನು. ಕೆಲವು ದಿನಗಳಲ್ಲಿ ಮಾಲು ‘ಸಿಕ್ಕುವುದು’, ವೈಲ್ಡನಿಗೆ ಕಾಣಿಕೆ ಸಲ್ಲುವುದು. ಮಾತು ಮೀರಿದ ಕಳ್ಳನನ್ನು ಅವನೇ ನ್ಯಾಯಸ್ಥಾನಕ್ಕೆ ಒಪ್ಪಿಸಿ ಇನಾಮನ್ನೂ ಪಡೆಯುವನು. ತನ್ನನ್ನು ಗ್ರೇಟ್ ಬ್ರಿಟನ್ ಮತ್ತು ಐರ್ಲೆಂಡುಗಳ ಚೋರಗ್ರಾಹಕಾಗ್ರಣಿಯೆಂದು ಅವನು ಕರೆದುಕೊಂಡುದು ಬರಿಯ ಜಂಭವಲ್ಲ. ಕಳ್ಳರನ್ನು ಗಲ್ಲಿಗೆ ಕಳುಹಿಸುವುದರಲ್ಲಿ ಅವನಿಗೆ ಎಣೆಯಿರಲಿಲ್ಲ.

ಕನ್ನಗಳ್ಳನಾದ ಜಾಕ್ ಶೆಪರ್ಡನನ್ನು ಹಿಡಿಯಿಸುವುದರಲ್ಲಿಯೂ ವೈಲ್ಡನ ಕೈಯಿದ್ದಿತು. ಬಡಗಿಯ ಶಿಷ್ಯನಾಗಿದ್ದ ಈ ತರುಣನು 1724ರಲ್ಲಿ ನಾಲ್ಕು ಬಾರಿ ಸೆರೆಯಿಂದ ತಪ್ಪಿಸಿಕೊಂಡನು; ಕಡೆಯ ಬಾರಿ ನ್ಯೂಗೇಟ್ ಸೆರೆಮನೆಯಲ್ಲಿ ಸಂಕಲೆ ತೊಡಿಸಿ ನೆಲಕ್ಕೆ ಬಿಗಿದಿದ್ದರೂ ಪಾರಾದನು. ಅದೇ ವರ್ಷ ನವೆಂಬರು 16ರಂದು ಅವನಿಗೆ ಗಲ್ಲಾಯಿತು. ಶೆಪರ್ಡನಿಗಾಗಿ ಮರುಗಿದ ಅದೇ ಜನ ಆರು ತಿಂಗಳ ತರುವಾಯ ವೈಲ್ಡನ ಮೇಲೆ ಕಲ್ಲು ತೂರಿದರು.

ವೈಲ್ಡನ ವಿಚಾರಣೆಯೇ ಒಂದು ವಿಚಿತ್ರ. ಅಂಗಡಿಯೊಂದರಿಂದ ಕಸೂತಿಯ ಲೇಸನ್ನು ಕದ್ದ ಆಪಾದನೆಯಲ್ಲಿ ಅವನು ಬಿಡುಗಡೆ ಹೊಂದಿದನು. ಕಳವಾದಾಗ ಅವನು ಅಂಗಡಿಯ ಹೊರಗೆ ಇದ್ದನಷ್ಟೆ. ಆದರೆ ಆ ಮಾಲನ್ನು ಹಿಂದಿರುಗಿಸಿದುದಕ್ಕೆ 10 ಗಿನಿ ಪಡೆದು, ಕಳ್ಳರನ್ನು ಹಿಡಿದುಕೊಡಲಿಲ್ಲವೆಂಬುದು ಸ್ಥಿರಪಟ್ಟಿತು. ಇಂತಹ ವ್ಯವಹಾರವನ್ನು ಘೋರಾಪರಾಧವೆಂದು ಸಾರಿದ 1718ರ ಶಾಸನದ ವಿಧಿಯನ್ನು ಜನರು ವೈಲ್ಡನ ಹೆಸರಿನಿಂದಲೇ ಕರೆಯುತ್ತಿದ್ದರು. ಅದು ಜಾರಿಗೆ ಬಂದ ಮೇಲೆಯೂ ಏಳು ವರ್ಷ ವ್ಯಾಪಾರ ನಡೆಯಿಸಿದವನು ಆ ಹಣವನ್ನು ಪಡೆದುದು ನ್ಯೂಗೇಟಿನಲ್ಲಿ ಸೆರೆಯಾಗಿದ್ದಾಗ!

1728ರಲ್ಲಿ ಗೇ ಕವಿಯು ರಂಗಕ್ಕೆ ತಂದ ಪೀಚಮನು ಲೆಕ್ಕದ ಪುಸ್ತಕವನ್ನು ಮುಂದಿಟ್ಟುಕೊಂಡು ಯಾವ ಕಳ್ಳನಿಂದ ಲಾಭ, ಯಾರನ್ನು ನೇಣಿಗೆ ಕಳುಹಿಸಬಹುದು ಎಂದು ಎಣಿಸುತ್ತಾನೆ. ಪ್ರೇಕ್ಷಕರಿಗೆ ಅವನಲ್ಲಿ ವೈಲ್ಡನಷ್ಟೇ ಅಲ್ಲ, ಪ್ರಧಾನಿ ವಾಲ್ಪೋಲನೂ ಕಂಡನು. 1743ರಲ್ಲಿ ಪ್ರಕಟವಾದ ಫೀಲ್ಡಿಂಗನ ಕಥೆಯಲ್ಲಿ ‘ಮಹಾಪುರುಷ’ನೆಂಬ ಬಿರುದು ಚೋರನಿಗೂ ರಾಜಕಾರಣಿಗೂ ಸಮನಾಗಿ ಅನ್ವಯಿಸುತ್ತದೆ. ಮುಂದೆ ನ್ಯಾಯಾಧಿಕಾರಿಯಾಗಿ ಬೋ ಸ್ಟ್ರೀಟಿನಲ್ಲಿ ಚೋರಗ್ರಾಹಕರ ಪುಟ್ಟ ದಳವನ್ನು ಕಟ್ಟಿದವನೂ ಇದೇ ಫೀಲ್ಡಿಂಗನು. ಆದರೂ 1754ರಲ್ಲಿ ಮತ್ತೊಂದು ತಂಡವು, ಇನಾಮಿನ ಆಸೆಗೆ ತಾನೇ ದರೋಡೆಗಳನ್ನು ಹೂಡಿ ಅಮಾಯಕರನ್ನು ಸಿಕ್ಕಿಸುತ್ತಿದ್ದುದು ಬಯಲಾಯಿತು. ಆ 40 ಪೌಂಡಿನ ಇನಾಮು ರದ್ದಾದುದು 1818ರಲ್ಲಿ.